ಹಳ್ಳಿಯ ಉದ್ಯಮಿಗಳ ಯೋಜನಾ ವರದಿ ಮತ್ತು ಸಹಾಯಧನದ ಅರ್ಜಿ: ಪ್ರಶ್ನೋತ್ತರ

ಪ್ರಶ್ನೆ (ಧಾರವಾಡ ಜಿಲ್ಲೆಯ ತರಬೇತುದಾರರೊಬ್ಬರಿಂದ): ನಮಸ್ಕಾರ ಸರ್. ನಾನು ಎರಡು ವರ್ಷಗಳಿಂದ ಹಳ್ಳಿಯ ಮಹಿಳಾ ಉದ್ಯಮಿಗಳಿಗೆ ಯೋಜನಾ ವರದಿ ಮತ್ತು ಸಹಾಯಧನದ ಅರ್ಜಿ ಸಿದ್ಧಪಡಿಸಲು ನೆರವಾಗುತ್ತಿದ್ದೇನೆ. ಖಡಕ್ ರೊಟ್ಟಿ ಮಾಡಿ ಮಾರುವ ಅಕ್ಕ ಒಬ್ಬರು ₹5 ಲಕ್ಷದ ಘಟಕಕ್ಕಾಗಿ, ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಸಾಲದ ಮೇಲೆ ಸಹಾಯಧನ ಕೊಡುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಅರ್ಜಿ ಹಾಕಿದ್ದರು. ವರದಿಯನ್ನು ಪಟ್ಟಣದ ಕಂಪ್ಯೂಟರ್ ಅಂಗಡಿಯೊಂದರಲ್ಲಿ ₹3,000 ಕೊಟ್ಟು ಮಾಡಿಸಿದ್ದೆವು. ಬ್ಯಾಂಕಿನ ವ್ಯವಸ್ಥಾಪಕರು ನಾಲ್ಕೈದು ಪ್ರಶ್ನೆ ಕೇಳಿ ಅರ್ಜಿಯನ್ನು ಹಿಂದಿರುಗಿಸಿದರು. ಅಕ್ಕ ಈಗ ದಿನಕ್ಕೆ ಮಾರುವುದು 300 ರೊಟ್ಟಿ. ವರದಿಯಲ್ಲಿ ಮೊದಲ ವರ್ಷವೇ 4,000 ಎಂದು ಬರೆದಿತ್ತು. ಮನೆಗೆ ಬಂದು ಓದಿದಾಗ ಒಂಬತ್ತನೇ ಪುಟದಲ್ಲಿ ‘ಬ್ರೆಡ್ ಮತ್ತು ಬನ್ ಉತ್ಪಾದನೆ’ ಎಂಬ ಸಾಲೂ ಕಣ್ಣಿಗೆ ಬಿತ್ತು. ಮುಂದಿನ ಬಾರಿ ಹೀಗಾಗದಂತೆ ನಾವು ಏನು ಮಾಡಬೇಕು?

ಉತ್ತರ: ನಮಸ್ಕಾರ. ಬ್ಯಾಂಕಿನ ಸಾಲ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿ, ಈಗ ತಮ್ಮಂತಹವರಿಗೆ ತರಬೇತಿ ನೀಡುತ್ತಿರುವವನು ನಾನು. ಒಂಬತ್ತನೇ ಪುಟದ ಬ್ರೆಡ್ಡನ್ನು ಆ ವ್ಯವಸ್ಥಾಪಕರೂ ಖಂಡಿತ ಗಮನಿಸಿರುತ್ತಾರೆ. ಬೇರೊಬ್ಬರ ವರದಿಯ ಹೆಸರು ಬದಲಿಸಿ ತಂದ ಪ್ರತಿಗಳನ್ನು ನಾವು ಮೇಜಿನ ಮೇಲೆ ಇಟ್ಟ ಕ್ಷಣವೇ ಗುರುತಿಸುತ್ತಿದ್ದೆವು. ಆದರೆ ಅರ್ಜಿ ಹಿಂದಿರುಗಿದ್ದು ಬ್ರೆಡ್ಡಿನಿಂದಲ್ಲ, 4,000 ಎಂಬ ಅಂಕಿಯಿಂದ ಎಂದು ನನ್ನ ಅಂದಾಜು. ಆ ಅಂಕಿಗೆ ಅಕ್ಕನ ಬಳಿ ಉತ್ತರವಿರಲಿಲ್ಲ, ಏಕೆಂದರೆ ಅದು ಅವರ ಅಂಕಿಯೇ ಆಗಿರಲಿಲ್ಲ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ತರಬೇತಿ ಕೆಲಸ ಆರಂಭಿಸಿದ ಹೊಸದರಲ್ಲಿ ಎಣ್ಣೆಗಾಣ ಹಾಕಲು ಹೊರಟ ರೈತರೊಬ್ಬರಿಗೆ ನಾನೇ ಕುಳಿತು ಹದಿನೆಂಟು ಪುಟದ ವರದಿ ಬರೆದುಕೊಟ್ಟು, ಅವರ ಜೊತೆ ಬ್ಯಾಂಕಿಗೂ ಹೋಗಿದ್ದೆ. ‘ಒಂದು ಕ್ವಿಂಟಲ್ ಶೇಂಗಾಕ್ಕೆ ಎಷ್ಟು ಎಣ್ಣೆ ಬರುತ್ತದೆ?’ ಎಂದು ವ್ಯವಸ್ಥಾಪಕರು ಕೇಳಿದಾಗ ಅವರು ನನ್ನ ಮುಖ ನೋಡಿದರು. ಅವರಿಗೆ ಉತ್ತರ ಗೊತ್ತಿತ್ತು. ವರದಿಯಲ್ಲಿ ನಾನು ಏನು ಬರೆದಿದ್ದೇನೋ ಎಂಬ ಅಂಜಿಕೆಯಿಂದ ಬಾಯಿ ಬಿಡಲಿಲ್ಲ. ಅಂದಿನಿಂದ ನಾನು ಉದ್ಯಮಿ ಎದುರಿಗಿಲ್ಲದೆ ವರದಿಯ ಒಂದು ಸಾಲನ್ನೂ ಬರೆಯುವುದಿಲ್ಲ.

ಆದ್ದರಿಂದ ಕಂಪ್ಯೂಟರನ್ನು ಮುಚ್ಚಿಟ್ಟು, ಅಕ್ಕನ ಒಲೆಯ ಪಕ್ಕದಲ್ಲಿ ಒಂದು ನೋಟ್ ಪುಸ್ತಕ ಹಿಡಿದು ಕುಳಿತುಕೊಳ್ಳಿ. ಕೇಳಬೇಕಾದುದು ಒಂದೇ ಒಂದು ರೊಟ್ಟಿಯ ಲೆಕ್ಕ. ಕೆಳಗಿನ ಅಂಕಿಗಳು ದಾರಿ ತೋರಿಸಲು ನಾನು ಹಿಡಿದವು. ಅವುಗಳ ಜಾಗದಲ್ಲಿ ಅಕ್ಕ ಹೇಳಿದ ಅಂಕಿಗಳನ್ನು ಹಾಕಿಕೊಳ್ಳಿ. ಬಿಳಿಜೋಳ ಕಿಲೋಗೆ ₹45, ಗಿರಣಿಯ ಬೀಸುಗೂಲಿ ₹5, ಒಟ್ಟು ₹50 ಎಂದುಕೊಳ್ಳೋಣ. ಒಂದು ಕಿಲೋ ಹಿಟ್ಟಿಗೆ 22 ರೊಟ್ಟಿ ಆದರೆ ಒಂದು ರೊಟ್ಟಿಯ ಹಿಟ್ಟಿಗೆ ₹2.27 ಬೀಳುತ್ತದೆ. ಉರುವಲಿಗೆ ₹1, ತಟ್ಟಿ ಬೇಯಿಸುವ ಕೂಲಿ ₹2, ಪ್ಯಾಕಿಂಗ್‌ಗೆ 50 ಪೈಸೆ, ಬಸ್ಸಿಗೆ ಹಾಕಿ ಕಳುಹಿಸಲು 40 ಪೈಸೆ ಸೇರಿಸಿದರೆ ₹6.17 ಆಗುತ್ತದೆ. ಇಷ್ಟಕ್ಕೇ ನಿಲ್ಲಿಸಬೇಡಿ, ‘ನೂರಕ್ಕೆ ಎಷ್ಟು ಮುರಿಯುತ್ತವೆ?’ ಎಂದು ಕೇಳಿ. ಖಡಕ್ ರೊಟ್ಟಿಯ ವ್ಯಾಪಾರದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲದ ವರದಿಯನ್ನು ನಾನಾಗಿದ್ದರೂ ಹಿಂದಿರುಗಿಸುತ್ತಿದ್ದೆ. ನೂರಕ್ಕೆ ನಾಲ್ಕು ಮುರಿದರೆ ಮಾರಾಟವಾಗುವ ಒಂದು ರೊಟ್ಟಿಯ ಖರ್ಚು ₹6.43ಕ್ಕೆ ಏರುತ್ತದೆ. ಅಂಗಡಿಗೆ ₹8ರಂತೆ ಕೊಟ್ಟರೆ ಕೈಗೆ ಉಳಿಯುವುದು ₹1.57.

ಇನ್ನು ಸಾಲದ ಕಡೆಗೆ ಬನ್ನಿ. ₹5 ಲಕ್ಷದಲ್ಲಿ ಶೇ 10 ಸ್ವಂತ ಪಾಲು ಕಳೆದರೆ ₹4.5 ಲಕ್ಷ ಸಾಲ. ಶೇ 11ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳ ಕಂತು ಸುಮಾರು ₹9,800. ಬಾಡಿಗೆ, ವಿದ್ಯುತ್ ಮತ್ತು ಇತರ ಸ್ಥಿರ ಖರ್ಚಿಗೆ ₹9,000 ಇಟ್ಟುಕೊಂಡರೆ ತಿಂಗಳಿಗೆ 25 ದಿನ ಕೆಲಸ ಮಾಡುವ ಘಟಕವು ದಿನಕ್ಕೆ 480 ರೊಟ್ಟಿ ಮಾರಿದಾಗ ಮಾತ್ರ ಸಮ ಸಮ ಆಗುತ್ತದೆ. ಇದರಲ್ಲಿ ಅಕ್ಕನ ಸ್ವಂತ ದುಡಿಮೆಗೆ ಒಂದು ಪೈಸೆಯೂ ಇಲ್ಲ. ತಿಂಗಳಿಗೆ ₹8,000 ಎಂದು ಅವರ ಸಂಬಳ ಸೇರಿಸಿದರೆ 680 ದಾಟಬೇಕು. ನಮ್ಮ ಹೆಣ್ಣುಮಕ್ಕಳು ತಮ್ಮ ಕೂಲಿಯನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಹಿಡಿಯುವಂತೆ ಮಾಡುವುದು ತರಬೇತುದಾರರ ಕೆಲಸ.

ಹೀಗಾಗಿ ವರದಿಯಲ್ಲಿ ಬರಬೇಕಾದ ಮುಖ್ಯ ಪ್ರಶ್ನೆಯೆಂದರೆ, ಈಗಿನ 300ರ ಮೇಲೆ ಇನ್ನೂ 400 ರೊಟ್ಟಿ ಎಲ್ಲಿ ಹೋಗುತ್ತವೆ ಎಂಬುದು. ‘ಮಾರುಕಟ್ಟೆಯಲ್ಲಿ ಅಪಾರ ಬೇಡಿಕೆ ಇದೆ’ ಎಂಬ ವಾಕ್ಯವನ್ನು ದಯವಿಟ್ಟು ಅಳಿಸಿಬಿಡಿ. ಅದರ ಬದಲು ಅಕ್ಕನನ್ನು ಕರೆದುಕೊಂಡು ಹತ್ತಿರದ ಪಟ್ಟಣದ ಖಾನಾವಳಿಗಳಿಗೆ, ಕಿರಾಣಿ ಅಂಗಡಿಗಳಿಗೆ, ಬಸ್ ನಿಲ್ದಾಣದ ಬಳಿಯ ಮಳಿಗೆಗಳಿಗೆ ಒಂದು ದಿನ ಹೋಗಿ ಬನ್ನಿ. ಯಾರು ಎಷ್ಟು ತೆಗೆದುಕೊಳ್ಳುತ್ತಾರೆ, ಯಾವ ದರಕ್ಕೆ, ಎಷ್ಟು ದಿನದ ಉದ್ರಿಗೆ ಎಂಬುದನ್ನು ಕೇಳಿ ಬರೆದುಕೊಳ್ಳಿ; ಸಾಧ್ಯವಿದ್ದವರಿಂದ ಅಂಗಡಿಯ ಮುದ್ರೆ ಹಾಕಿಸಿ ಒಂದು ಚೀಟಿ ಪಡೆಯಿರಿ. ಅಂತಹ ಆರು ಚೀಟಿಗಳು ವರದಿಗೆ ಕೊಡುವ ಬಲವನ್ನು ಬಣ್ಣದ ನಕ್ಷೆಗಳು ಕೊಡುವುದಿಲ್ಲ. ಯಂತ್ರ ಬಂದ ಮೇಲೆ ಕೂಲಿ ಇಳಿದು ವಿದ್ಯುತ್ ಮತ್ತು ದುರಸ್ತಿಯ ಖರ್ಚು ಏರುವುದರಿಂದ, ಇದೇ ಲೆಕ್ಕವನ್ನು ಯಂತ್ರದೊಡನೆ ಇನ್ನೊಮ್ಮೆ ಮಾಡಿ ಎರಡನ್ನೂ ವರದಿಯಲ್ಲಿ ಇಡಿ.

ಪ್ರಶ್ನೆ (ಅದೇ ಸದಸ್ಯರಿಂದ): ತುಂಬ ಉಪಕಾರವಾಯಿತು ಸರ್. ಉದ್ರಿ ಎಂದಿರಿ. ನಮ್ಮ ವರದಿಯಲ್ಲಿ ಯಂತ್ರ ಮತ್ತು ಶೆಡ್ ಬಿಟ್ಟರೆ ಕಚ್ಚಾ ಮಾಲು, ಉದ್ರಿಯಂತಹ ದಿನನಿತ್ಯದ ವಹಿವಾಟಿಗೆ ಬೇಕಾದ ದುಡಿಮೆ ಬಂಡವಾಳದ ಉಲ್ಲೇಖವೇ ಇಲ್ಲ. ಅದನ್ನು ಎಷ್ಟು ಎಂದು ತೋರಿಸಬೇಕು?

ಉತ್ತರ: ಘಟಕಗಳು ಮೊದಲ ವರ್ಷದಲ್ಲೇ ನಿಲ್ಲುವುದನ್ನು ನಾನು ಹೆಚ್ಚು ಕಂಡಿರುವುದು ಇಲ್ಲಿಯೇ, ಹೊಳೆಯುವ ಯಂತ್ರ ಇರುತ್ತದೆ, ಜೋಳ ಕೊಳ್ಳಲು ದುಡ್ಡಿರುವುದಿಲ್ಲ. ಸಣ್ಣ ಘಟಕಗಳಿಗೆ ಬ್ಯಾಂಕುಗಳು ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಕಾಲದಿಂದ ಬಂದ ಒಂದು ಸೂತ್ರವನ್ನು ಬಳಸುತ್ತವೆ: ವರ್ಷದ ನಿರೀಕ್ಷಿತ ವಹಿವಾಟಿನ ಶೇ 25 ದುಡಿಮೆ ಬಂಡವಾಳ, ಅದರಲ್ಲಿ ವಹಿವಾಟಿನ ಶೇ 20 ಬ್ಯಾಂಕಿನದು, ವಹಿವಾಟಿನ ಶೇ 5 ಉದ್ಯಮಿಯದು. ದಿನಕ್ಕೆ 700 ರೊಟ್ಟಿಯಂತೆ ವರ್ಷಕ್ಕೆ ₹16.8 ಲಕ್ಷ ವಹಿವಾಟಾದರೆ ಬ್ಯಾಂಕಿನ ಪಾಲು ₹3.36 ಲಕ್ಷದವರೆಗೆ ಬರುತ್ತದೆ. ಆದರೆ ಸೂತ್ರ ಕೊಡುತ್ತದೆ ಎಂದು ಅಷ್ಟನ್ನೂ ಕೇಳುವುದು ಜಾಣತನವಲ್ಲ. ಒಂದು ತಿಂಗಳ ಜೋಳಕ್ಕೆ ಸುಮಾರು ₹36,000, ಅಂಗಡಿಗಳಲ್ಲಿ 20 ದಿನ ನಿಲ್ಲುವ ಉದ್ರಿಗೆ ಸುಮಾರು ₹93,000, ಹೀಗೆ ನಿಜವಾದ ಅಗತ್ಯ ₹1.3 ಲಕ್ಷದ ಆಸುಪಾಸಿನಲ್ಲಿದೆ. ಹಿಂಗಾರಿ ಜೋಳದ ಸುಗ್ಗಿಯಲ್ಲಿ ದರ ಇಳಿದಾಗ ಮೂರು ತಿಂಗಳ ಕಾಳು ತುಂಬಿಸಿಕೊಳ್ಳುವ ರೂಢಿ ಅಕ್ಕನಿಗೆ ಇದ್ದರೆ ಅದನ್ನು ಸೇರಿಸಿ ಕೇಳಿ, ಕಾರಣವನ್ನೂ ಬರೆಯಿರಿ. ಪಿಎಂಎಫ್‌ಎಂಇ ಸಹಾಯಧನವು ಯಂತ್ರೋಪಕರಣ ಮತ್ತು ಅದಕ್ಕೆ ಸಂಬಂಧಿಸಿದ ಕಟ್ಟಡ ಕೆಲಸಕ್ಕೆ ಸಿಗುತ್ತದೆಯೇ ಹೊರತು ದುಡಿಮೆ ಬಂಡವಾಳಕ್ಕಲ್ಲ, ಜಾಗದ ಬೆಲೆಗೂ ಅಲ್ಲ.

ಪ್ರಶ್ನೆ (ತುಮಕೂರು ಜಿಲ್ಲೆಯ ಸದಸ್ಯೆಯಿಂದ): ನಮ್ಮಲ್ಲಿ ತೆಂಗಿನ ಉತ್ಪನ್ನಗಳ ಘಟಕ ಹಾಕಲು ಬರುವವರ ಮೊದಲ ಪ್ರಶ್ನೆಯೇ ‘ಎಷ್ಟು ಮಾಫಿ?’ ಎಂದಿರುತ್ತದೆ. ಅವರಿಗೆ ಹೇಗೆ ತಿಳಿಹೇಳಬೇಕು?

ಉತ್ತರ: ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ ಮೇಡಂ, ನಾವು ಕೊಡುವ ಉತ್ತರ ಅರ್ಧವಾಗಿರುತ್ತದೆ. 2020ರಲ್ಲಿ ಆರಂಭವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಸಹಾಯಧನ ಶೇ 35, ಗರಿಷ್ಠ ₹10 ಲಕ್ಷ. ಕರ್ನಾಟಕ ಸರ್ಕಾರ ಅದರ ಮೇಲೆ ಶೇ 15 ಸೇರಿಸಿದ್ದರಿಂದ ನಮ್ಮಲ್ಲಿ ಅದು ಶೇ 50, ಗರಿಷ್ಠ ₹15 ಲಕ್ಷ ಆಯಿತು. ರಾಜ್ಯದಲ್ಲಿ ಇದರ ಹೊಣೆ ಕೃಷಿ ಉತ್ಪನ್ನಗಳ ಸಂಸ್ಕರಣೆ ಮತ್ತು ರಫ್ತಿಗಾಗಿ ಇರುವ ಸರ್ಕಾರದ ಕೆಪೆಕ್ ನಿಗಮದ್ದು. ಇಲ್ಲಿಯವರೆಗಿನ ಮಾತು ಎಲ್ಲರ ಬಾಯಲ್ಲೂ ಇದೆ. ಹೇಳದೆ ಬಿಡುವ ಅರ್ಧವೆಂದರೆ, ಆ ಹಣ ಉದ್ಯಮಿಯ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆಯಲ್ಲಿ ಕುಳಿತು, ಸಾಲದ ಕೊನೆಯ ಕಂತು ಬಿಡುಗಡೆಯಾದ ಮೂರು ವರ್ಷಗಳ ಮೇಲೆ ಘಟಕ ನಡೆಯುತ್ತಿದ್ದು, ಸಾಲ ಸುಸ್ತಿಯಾಗದಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ. ಈ ಮಾತನ್ನು ಮೊದಲ ಭೇಟಿಯಲ್ಲೇ ಹೇಳಿ. ಹತ್ತು ಜನರಲ್ಲಿ ಕೆಲವರು ಎದ್ದು ಹೋಗುತ್ತಾರೆ, ಹೋಗಲಿ. ಉಳಿದವರ ಜೊತೆ ಕೆಲಸ ಸಲೀಸಾಗುತ್ತದೆ. ಮೇಲೆ ರೊಟ್ಟಿಯ ಲೆಕ್ಕದಲ್ಲಿ ನಾನು ಸಹಾಯಧನವನ್ನು ಕಳೆಯದೆ ಪೂರ್ತಿ ಸಾಲಕ್ಕೆ ಕಂತು ಹಾಕಿದ್ದು ಇದೇ ಕಾರಣಕ್ಕೆ. ಸಹಾಯಧನವಿಲ್ಲದೆ ನಿಲ್ಲದ ಘಟಕಕ್ಕೆ ನಾನು ಅರ್ಜಿಯನ್ನೇ ಬರೆಸುವುದಿಲ್ಲ.

ಆಹಾರವಲ್ಲದ ಹೊಸ ಉದ್ಯಮಗಳಿಗೆ, ಉದಾಹರಣೆಗೆ ತೆಂಗಿನ ನಾರಿನ ಘಟಕಕ್ಕೆ, ಸಾಲದ ಮೇಲೆ ಸಹಾಯಧನ ಕೊಡುವ ಕೇಂದ್ರದ ಇನ್ನೊಂದು ಯೋಜನೆ ಪಿಎಂಇಜಿಪಿ ಇದೆ. ಅದರಲ್ಲಿ ಉತ್ಪಾದನಾ ಘಟಕಕ್ಕೆ ₹50 ಲಕ್ಷ, ಸೇವಾ ಘಟಕಕ್ಕೆ ₹20 ಲಕ್ಷದವರೆಗೆ ಯೋಜನಾ ವೆಚ್ಚವಿರಬಹುದು. ಗ್ರಾಮೀಣ ಪ್ರದೇಶದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25 ಸಹಾಯಧನ, ಸ್ವಂತ ಪಾಲು ಶೇ 10. ಮಹಿಳೆಯರೂ ಸೇರಿದಂತೆ ವಿಶೇಷ ವರ್ಗಕ್ಕೆ ಶೇ 35 ಸಹಾಯಧನ, ಸ್ವಂತ ಪಾಲು ಶೇ 5. ಅಲ್ಲಿಯೂ ಹಣ ಮೂರು ವರ್ಷ ಠೇವಣಿಯಾಗಿ ನಿಲ್ಲುತ್ತದೆ; ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದಿಲ್ಲ. ಯಾವ ಯೋಜನೆಗೇ ಆಗಲಿ ಅವಧಿ ಇರುವುದರಿಂದ, ಹೊಸ ಅರ್ಜಿ ಸ್ವೀಕರಿಸುತ್ತಿದ್ದಾರೆಯೇ ಎಂದು ಜಿಲ್ಲೆಯಲ್ಲಿ ವಿಚಾರಿಸಿಯೇ ಉದ್ಯಮಿಯನ್ನು ಕೊಟೇಶನ್ ತರಲು ಕಳುಹಿಸಿ.

ಪ್ರಶ್ನೆ (ಕಲಬುರಗಿ ಕಡೆಯ ಸದಸ್ಯರಿಂದ): ಪಿಎಂಎಫ್‌ಎಂಇ ಅರ್ಜಿ ಹಾಕಿಸಿಕೊಡಲು ಮಧ್ಯವರ್ತಿಯೊಬ್ಬರು ಸಹಾಯಧನದ ಶೇ 10 ಕೇಳುತ್ತಿದ್ದಾರೆ. ಇದು ರೂಢಿಯೇ?

ಉತ್ತರ: ಕೊಡಬೇಡಿ. ಈ ಯೋಜನೆಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸಿರುವುದೇ ವರದಿ ತಯಾರಿ, ಬ್ಯಾಂಕಿನ ಓಡಾಟ ಮತ್ತು ನೋಂದಣಿಗಳಿಗೆ ನೆರವಾಗಲೆಂದು. ಸಾಲ ಮಂಜೂರಾದ ಪ್ರತಿ ಅರ್ಜಿಗೆ ಅವರಿಗೆ ₹20,000 ಸಂಭಾವನೆಯನ್ನು ಯೋಜನೆಯೇ ಕೊಡುತ್ತದೆ, ಅರ್ಧ ಮಂಜೂರಾತಿಯ ಮೇಲೆ, ಉಳಿದರ್ಧ ನೋಂದಣಿ ಮತ್ತು ತರಬೇತಿ ಮುಗಿದ ಮೇಲೆ. ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಯಾದ ಉದ್ಯಮ್ ನೋಂದಣಿಯೂ ಪೂರ್ತಿ ಉಚಿತ.

ಪ್ರಶ್ನೆ (ಹಾವೇರಿ ಜಿಲ್ಲೆಯ ಸದಸ್ಯೆಯಿಂದ): ಸಾಲವಿಲ್ಲದೆ ಬರೀ ಅನುದಾನ ಸಿಗುವ ಅರ್ಜಿಗಳನ್ನು ಬರೆಯುವ ಕ್ರಮ ಬೇರೆಯೇ? ನಮ್ಮ ಯುವಕನೊಬ್ಬ ಮೆಣಸಿನಕಾಯಿ ಒಣಗಿಸಲು ಕಡಿಮೆ ಖರ್ಚಿನ ಸೌರ ಡ್ರೈಯರ್ ಮಾಡಿದ್ದಾನೆ. ನಮ್ಮ ಸ್ತ್ರೀಶಕ್ತಿ ಸಂಘದವರೂ ಮೆಣಸಿನ ಪುಡಿಗೆ ಏನಾದರೂ ಸಿಗುವುದೇ ಎಂದು ಕೇಳುತ್ತಿದ್ದಾರೆ.

ಉತ್ತರ: ಇಬ್ಬರದೂ ಬೇರೆ ಬೇರೆ ದಾರಿ. ಸಂಘದ ಸದಸ್ಯೆಯರು ಆಹಾರ ಸಂಸ್ಕರಣೆ ಮಾಡುತ್ತಿದ್ದರೆ ಪಿಎಂಎಫ್‌ಎಂಇಯಲ್ಲಿಯೇ ಸ್ವಸಹಾಯ ಸಂಘಗಳಿಗೆ ಸದಸ್ಯೆಯೊಬ್ಬರಿಗೆ ₹40,000ದವರೆಗೆ ಬೀಜಧನವಿದೆ. ಅದು ಸ್ವಸಹಾಯ ಸಂಘಗಳಿಗಾಗಿ ಸರ್ಕಾರ ನಡೆಸುವ ಸಂಜೀವಿನಿ ಯೋಜನೆಯ ಒಕ್ಕೂಟಗಳ ಮೂಲಕ ಬರುತ್ತದೆ, ಆದ್ದರಿಂದ ಮೊದಲು ತಾಲ್ಲೂಕಿನ ಸಂಜೀವಿನಿ ಸಿಬ್ಬಂದಿಯನ್ನು ಕಾಣಲಿ. ಸಣ್ಣ ಉಪಕರಣ, ದುಡಿಮೆ ಬಂಡವಾಳ ಎರಡಕ್ಕೂ ಅದನ್ನು ಬಳಸಬಹುದು.

ಯುವಕನದು ಹೊಸ ಕಲ್ಪನೆಯಾದ್ದರಿಂದ ಅವನು ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯ ಅಡಿಯ ಕೃಷಿ ನವೋದ್ಯಮ ಅನುದಾನಕ್ಕೆ ಪ್ರಯತ್ನಿಸಲಿ. ಆರಂಭಿಕ ಕಲ್ಪನೆಯ ಹಂತದಲ್ಲಿ ₹5 ಲಕ್ಷ, ಉತ್ಪನ್ನ ಮಾರುಕಟ್ಟೆಗೆ ಬರುವ ಹಂತದಲ್ಲಿ ₹25 ಲಕ್ಷದವರೆಗೆ ಅನುದಾನವಿದ್ದು, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿಯೇ ಅದರ, ಹೊಸ ಉದ್ಯಮಗಳನ್ನು ಬೆಳೆಸುವ ಇನ್‌ಕ್ಯುಬೇಶನ್ ಕೇಂದ್ರವಿದೆ. ಬ್ಯಾಂಕಿನವರು ‘ನಮ್ಮ ಹಣ ಹಿಂದಿರುಗುತ್ತದೆಯೇ?’ ಎಂದು ಓದಿದರೆ, ಅನುದಾನ ಕೊಡುವವರು ‘ಇದರಲ್ಲಿ ಹೊಸತೇನು, ನಮ್ಮ ಹಣದಿಂದ ಏನು ಬದಲಾಗುತ್ತದೆ?’ ಎಂದು ಓದುತ್ತಾರೆ. ಹಾಗಾಗಿ ಅವನ ಅರ್ಜಿಯ ಮೊದಲ ಪುಟದಲ್ಲಿ ಡ್ರೈಯರಿನ ವಿನ್ಯಾಸಕ್ಕಿಂತ ಮುಂಚೆ ಕಣ ಬರಲಿ: ಬಯಲಿನಲ್ಲಿ ಒಣಗಿಸಿದ ಒಂದು ಕ್ವಿಂಟಲ್ ಬ್ಯಾಡಗಿ ಮೆಣಸಿನಕಾಯಿಗೆ ಎಷ್ಟು ದಿನ ಹಿಡಿಯಿತು, ಅಕಾಲ ಮಳೆಗೆ ಸಿಕ್ಕಿ ಎಷ್ಟು ಕಿಲೋ ಬಿಳಿಚಿಕೊಂಡಿತು, ಅದಕ್ಕೆ ಮಾರುಕಟ್ಟೆಯಲ್ಲಿ ಎಷ್ಟು ದರ ಕಡಿಮೆಯಾಯಿತು, ಅದೇ ವಾರ ಡ್ರೈಯರಿನಲ್ಲಿ ಒಣಗಿಸಿದ್ದರ ಕಥೆ ಏನಾಯಿತು. ಈ ಹೋಲಿಕೆಯನ್ನು ಅವನು ತೂಕ ಹಾಕಿ, ದಿನಾಂಕ ಬರೆದು, ಚಿತ್ರ ತೆಗೆದು ಇಟ್ಟುಕೊಂಡಿರಬೇಕು. ಇಲ್ಲದಿದ್ದರೆ ಅರ್ಜಿಯನ್ನು ಮುಂದಿನ ಸುಗ್ಗಿಯವರೆಗೆ ತಡೆಹಿಡಿಯಿರಿ.

ಅನುದಾನ ಒಂದೇ ಸಲಕ್ಕೆ ಬರುವುದಿಲ್ಲ, ಕಂತುಗಳಲ್ಲಿ ಬರುತ್ತದೆ. ಮೊದಲ ಕಂತಿನ ಬಳಕೆ ಪ್ರಮಾಣಪತ್ರ ಕೊಡದೆ ಎರಡನೆಯದು ಸಿಗದು. ಆದ್ದರಿಂದ ಆ ಹಣಕ್ಕೆ ಬೇರೆಯೇ ಬ್ಯಾಂಕ್ ಖಾತೆ ತೆರೆಯಲಿ, ವೆಲ್ಡಿಂಗ್ ಅಂಗಡಿಯವನಿಗೆ ಕೊಟ್ಟ ₹500ಕ್ಕೂ ರಸೀದಿ ಇಟ್ಟುಕೊಳ್ಳಲಿ.

ಪ್ರಶ್ನೆ (ಮೊದಲ ಸದಸ್ಯರಿಂದ): ಸರ್, ಅಕ್ಕನ ಬಳಿ ಅಡಮಾನಕ್ಕೆ ಏನೂ ಇಲ್ಲ, ಮನೆ ಮಾವನ ಹೆಸರಿನಲ್ಲಿದೆ. ಬ್ಯಾಂಕಿನವರು ಅದನ್ನೂ ಕೇಳಿದ್ದರು.

ಉತ್ತರ: ಕಿರು ಮತ್ತು ಸಣ್ಣ ಉದ್ಯಮಗಳ ಇಷ್ಟು ಸಣ್ಣ ಮೊತ್ತದ ಸಾಲಕ್ಕೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ; ಸಾಲ ಮರಳದಿದ್ದರೆ ನಷ್ಟ ತುಂಬಿಕೊಡುವ, ಬ್ಯಾಂಕಿನ ಭದ್ರತೆಗೆಂದೇ ಇರುವ ಸಿಜಿಟಿಎಂಎಸ್‌ಇ ಖಾತರಿ ನಿಧಿಯಿದೆ. ಇದನ್ನು ಜಗಳಕ್ಕೆ ಹೋದಂತೆ ಹೇಳದೆ, ಅರ್ಜಿಯ ಜೊತೆಗಿನ ಪತ್ರದಲ್ಲಿ ‘ಸಾಲವನ್ನು ಸಿಜಿಟಿಎಂಎಸ್‌ಇ ಖಾತರಿಯ ಅಡಿಯಲ್ಲಿ ಪರಿಗಣಿಸಲು ಕೋರುತ್ತೇನೆ’ ಎಂದು ಒಂದು ಸಾಲು ಬರೆಯಿಸಿ. ಅದರ ಜೊತೆಗೆ ಅಕ್ಕನ ಸಿಬಿಲ್ ವರದಿಯನ್ನು, ಅಂದರೆ ಹಳೆಯ ಸಾಲ ಮತ್ತು ಮರುಪಾವತಿಯ ದಾಖಲೆಯನ್ನು, ಮೊದಲೇ ನೋಡಿಕೊಳ್ಳಿ. ಸಂಘದ ಹಳೆಯ ಸಾಲವೋ ಗಂಡನ ಬೈಕಿನ ಸಾಲಕ್ಕೆ ಹಾಕಿದ ಜಾಮೀನೋ ಅಲ್ಲಿ ಸಿಕ್ಕಿಕೊಂಡಿರುವುದುಂಟು. ಮತ್ತೆ ಬ್ಯಾಂಕಿಗೆ ಹೋಗುವ ಹಿಂದಿನ ದಿನ ನೀವೇ ವ್ಯವಸ್ಥಾಪಕರ ಕುರ್ಚಿಯಲ್ಲಿ ಕುಳಿತು ಅಕ್ಕನಿಗೆ ಅರ್ಧ ಗಂಟೆ ಪ್ರಶ್ನೆ ಕೇಳಿ, ಅವರ ಮಾತಿನಲ್ಲಿಯೇ ಉತ್ತರ ಬರಲಿ. ಮರುದಿನ ನೀವು ಬ್ಯಾಂಕಿನ ಹೊರಗೆ ಬೆಂಚಿನ ಮೇಲೆ ಕುಳಿತುಕೊಳ್ಳಿ, ಒಳಗೆ ಹೋಗಬೇಡಿ.