ಬೆಳಗಿನ ವಾಂತಿ, ಓರೆ ಕತ್ತು: ಮಕ್ಕಳ ಮೆದುಳು ಗಡ್ಡೆ ಬಗ್ಗೆ ಡಾಕ್ಟರಿಗೆ ಕೇಳಿ (ತುಮಕೂರು ಪೋಷಕರ ಗುಂಪು)

ಗುಬ್ಬಿ: ಮೇಡಂ, ಅಕ್ಕನ ಮಗ, 6 ವರ್ಷ. ಮೂರು ವಾರದಿಂದ ಎದ್ದ ತಕ್ಷಣ ವಾಂತಿ, ಆಮೇಲೆ ಆರಾಮಾಗಿ ಇಡ್ಲಿ ತಿಂತಾನೆ. ಜಂತುಹುಳದ ಮಾತ್ರೆ, ಗ್ಯಾಸ್ ಸಿರಪ್ ಎರಡೂ ಆಯ್ತು. ಈಗ ನಡೀವಾಗ ಬಲಕ್ಕೆ ವಾಲ್ತಾನೆ, ಕತ್ತು ಓರೆ.

ಡಾಕ್ಟರ್: ಸಿರಪ್ ನಿಲ್ಲಿಸಿ. ಮಲಗಿದಾಗ ತಲೆಯೊಳಗಿನ ಒತ್ತಡ ಏರುತ್ತೆ, ಅದಕ್ಕೇ ಬೆಳಿಗ್ಗೆ ವಾಂತಿ. ಕಕ್ಕಿದ ಮೇಲೆ ಹಗುರ ಆಗುತ್ತೆ, ಇಡ್ಲಿ ಇಳಿಯುತ್ತೆ. ಭೇದಿ, ಜ್ವರ ಇಲ್ಲದ ವಾಂತಿ ಎರಡು ವಾರ ದಾಟಿದ್ರೆ ಹೊಟ್ಟೆ ಬಿಟ್ಟು ತಲೆ ನೋಡ್ಬೇಕು. ವಾಲೋದು, ಓರೆ ಕತ್ತು ಸೇರಿದ್ರೆ ಅನುಮಾನ ಕಿರುಮೆದುಳಿನ ಮೇಲೆ. ಅಲ್ಲಿ ಗಡ್ಡೆ ಬೆಳೆದ್ರೆ ನೀರು ಹರಿಯೋ ದಾರಿ ಮುಚ್ಚಿ ಮೆದುಳಲ್ಲಿ ನೀರು ಕಟ್ಕೊಳ್ಳುತ್ತೆ. ಇವತ್ತೇ ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ನೀರು ಕಟ್ಟಿದ್ದು ಸಿಟಿಲಿ ನಿಮಿಷದಲ್ಲಿ ಗೊತ್ತಾಗುತ್ತೆ. ಆದ್ರೆ ಹಿಂಭಾಗದ ಸಣ್ಣ ಗಡ್ಡೆ ತಪ್ಪಿಹೋಗಬಹುದು. ಕಾಂಟ್ರಾಸ್ಟ್ ಎಂಆರ್‌ಐ (ಗಡ್ಡೆ ಎದ್ದು ಕಾಣೋಕೆ ಔಷಧಿ ಚುಚ್ಚಿ ಮಾಡೋ ಸ್ಕ್ಯಾನ್) ಬೇಕೇ ಬೇಕು, ಗಡ್ಡೆ ಕಂಡ್ರೆ ಬೆನ್ನುಹುರಿಯದ್ದೂ. ಸ್ಕ್ಯಾನ್ ಆಗೋ ಮುಂಚೆ ಬೆನ್ನಿನ ನೀರು ತೆಗೆಸ್ಬಾರ್ದು. ಮಂಕಾದ್ರೆ, ನಿದ್ದೆಯಿಂದ ಏಳಿಸೋದು ಕಷ್ಟ ಆದ್ರೆ 108.

ಶಿರಾ: ಮೊಬೈಲ್‌ನಿಂದ ಬರುತ್ತಾ?

ಡಾಕ್ಟರ್: 14 ದೇಶಗಳ ಮೋಬಿ-ಕಿಡ್ಸ್ ಅಧ್ಯಯನದಲ್ಲಿ ನಂಟು ಕಾಣಲಿಲ್ಲ, ಭಾರತವೂ ಅದರಲ್ಲಿತ್ತು. ಖಚಿತವಾಗಿ ಗೊತ್ತಿರೋದು ತಲೆಗೆ ಹಿಂದೆ ಕೊಟ್ಟ ರೇಡಿಯೇಷನ್, ಕೆಲವು ವಂಶವಾಹಿ ತೊಂದರೆ. ಮೈಮೇಲೆ 5 ಮಿ.ಮೀ.ಗಿಂತ ದೊಡ್ಡ ಕಾಫಿ ಬಣ್ಣದ ಮಚ್ಚೆ 6 ಅಥವಾ ಹೆಚ್ಚು ಇದ್ರೆ ಅಂಥ ವಂಶವಾಹಿ ತೊಂದರೆ ಇರಬಹುದು, ತೋರಿಸಿ.

ತಿಪಟೂರು: ಟವರ್‌ನಿಂದ?

ಡಾಕ್ಟರ್: ಮೇಲೆ ಓದಿ.

ಮಧುಗಿರಿ: ಲಕ್ಷ್ಮಣಫಲದ ಎಲೆ ಕಷಾಯ, 21 ದಿನ. ಗಡ್ಡೆ ಕರಗುತ್ತೆ. ಎಲ್ರಿಗೂ ಕಳಿಸಿ 🙏

ಡಾಕ್ಟರ್: ಕಳಿಸ್ಬೇಡಿ. 21 ದಿನದಲ್ಲಿ ನೀರು ಕಟ್ಟಿ ಕಣ್ಣು ಹೋಗಬಹುದು. ಕಷಾಯ ನಂಬಿ ಮೆದುಳಿನ ಊತ ಇಳಿಸೋ ಡೆಕ್ಸಾಮೆಥಾಸೋನ್ ಔಷಧಿ ದಿಢೀರ್ ನಿಲ್ಸಿದ್ರೆ ಊತ ವಾಪಸ್.

ಮಧುಗಿರಿ: ನಿಮಗೆ ಸ್ಕ್ಯಾನ್ ದುಡ್ಡು ಬೇಕಲ್ವಾ.

ಕುಣಿಗಲ್: ಏನ್ರೀ ಮಾತು? ಪುಕ್ಕಟೆ ಉತ್ತರ ಕೊಡ್ತಿದ್ದಾರೆ.

ಮಧುಗಿರಿ: ನಿಮ್ಮನ್ನ ಯಾರು ಕೇಳಿದ್ದು?

ಕುಣಿಗಲ್: ಆ ಕಷಾಯ ನಿಮ್ಮನೇಲೇ ಕುಡ್ಕೊಳ್ಳಿ.

ಪಾವಗಡ: ಷಂಟ್ (ಮೆದುಳಿನ ನೀರು ಹರಿಸೋ ನಳಿಕೆ) ಹಾಕಿರೋ ಮಗು ಈಜ್ಬಹುದಾ?

ಕೊರಟಗೆರೆ: ಆಪರೇಷನ್ ಆದ್ಮೇಲೆ ಮಗು ಉಳಿಯೋದು ಯಾವುದರ ಮೇಲೆ?

ಡಾಕ್ಟರ್: ಮೆಡುಲ್ಲೋಬ್ಲಾಸ್ಟೋಮ (ಕಿರುಮೆದುಳಿನ ಕ್ಯಾನ್ಸರ್ ಗಡ್ಡೆ) ಅಂತಿಟ್ಕೊಳ್ಳಿ. ಉಳಿದ ಗಡ್ಡೆ 1.5 ಚದರ ಸೆಂ.ಮೀ.ಗಿಂತ ಜಾಸ್ತಿನಾ? ಆಪರೇಷನ್ ಆಗಿ 72 ಗಂಟೆ ಒಳಗಿನ ಎಂಆರ್‌ಐ ಅದನ್ನ ಹೇಳುತ್ತೆ. ತಡ ಆದ್ರೆ ಗಾಯದ ಬದಲಾವಣೆ, ಗಡ್ಡೆ ಎರಡೂ ಒಂದೇ ಥರ ಕಾಣುತ್ತೆ. ಬೆನ್ನುಹುರಿಗೆ ಹರಡಿದೆಯಾ? ವಯಸ್ಸು 3ರ ಒಳಗಾ? ಆಗ ಮೆದುಳು ಇನ್ನೂ ಬೆಳೀತಿರುತ್ತೆ, ರೇಡಿಯೇಷನ್ ಮುಂದೂಡ್ತಾರೆ. ಗಡ್ಡೆಯ ಜೀನ್ ಗುಂಪೂ ಮುಖ್ಯ: ಡಬ್ಲ್ಯುಎನ್‌ಟಿ ಅನ್ನೋ ಗುಂಪು ಒಳ್ಳೇದು, ಗುಂಪು 3 ಕಷ್ಟ. ಅದಕ್ಕೆ ಬಯಾಪ್ಸಿಯ ಮೇಣದ ಬ್ಲಾಕ್ (ಗಡ್ಡೆಯ ತುಣುಕು ಇರೋದು) ಆಸ್ಪತ್ರೆಯಿಂದ ಇಸ್ಕೊಂಡು ಜೋಪಾನವಾಗಿಡಿ, ಬಿಸಿಲಿಗಿಟ್ರೆ ಮೇಣ ಕರಗಬಹುದು. ದೊಡ್ಡ ಮಕ್ಕಳಿಗೆ ರೇಡಿಯೇಷನ್ ಆಪರೇಷನ್ ಆಗಿ ಸುಮಾರು 6 ವಾರದೊಳಗೆ ಶುರುವಾಗ್ಬೇಕು. ಜಾತ್ರೆ, ಮದುವೆ ಅಂತ ನಡುವೆ ದಿನ ಬಿಟ್ರೆ ಫಲ ಕಮ್ಮಿ.

ಚಿ.ನಾ.ಹಳ್ಳಿ: ಬಿಪಿಎಲ್‌ಗೆ ಖರ್ಚು?

ಕುಣಿಗಲ್: ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ. ಎಮರ್ಜೆನ್ಸಿ ಅಲ್ಲದಿದ್ರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ತಗೊಳ್ಳಿ.

ಶಿರಾ: ವೈಫೈ?

ಡಾಕ್ಟರ್: ಶಿರಾದವ್ರೇ, ದಯವಿಟ್ಟು.

ಮಧುಗಿರಿ: ಎಲೆ ಬೇಕಾದ್ರೆ ಮೆಸೇಜ್ ಮಾಡಿ.

ಡಾಕ್ಟರ್: ಅಡ್ಮಿನ್, ಇವ್ರನ್ನ ತೆಗೀರಿ, ಇಲ್ಲಾಂದ್ರೆ ನಾನು ಹೊರಡ್ತೀನಿ. ಗುಬ್ಬಿಯವ್ರು ಎಲ್ಲಿ?

ಗುಬ್ಬಿ: ಕಾರು ಬಂತು ಮೇಡಂ. ಹಾಲು ಕುಡಿಸ್ಲಾ?

ಡಾಕ್ಟರ್: ಬೇಡ. ಸ್ಕ್ಯಾನ್‌ಗೆ ಅರಿವಳಿಕೆ ಕೊಟ್ರೆ ಹಾಲು, ತಿಂಡಿ ನಿಂತು 6 ಗಂಟೆ ಆಗಿರ್ಬೇಕು. ಕೊನೆಗೆ ತಿಂದಿದ್ದು ಎಷ್ಟು ಗಂಟೆಗೆ ಅಂತ ಬರ್ಕೊಳ್ಳಿ.