ಪದಚರ್ಚೆ: ‘ಡಿಮ್ಮಬಲ್’ ಎಲ್‌ಇಡಿಗೆ ‘ಮಂದ’ ಬೇಡ, ‘ತಗ್ಗಬಲ್ಲ’ ಎನ್ನೋಣ

ಮಾನ್ಯರೇ,

ಮಂಗಳೂರಿನ ಅಂಗಡಿಯೊಂದರ ಕೈಪಿಡಿ ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕಿದೆ, ‘ಡಿಮ್ಮಬಲ್ ಎಲ್‌ಇಡಿ’ (ಬೆಳಕನ್ನು ಬೇಕೆಂದಾಗ ಇಳಿಸಲಾಗುವ ಬಲ್ಬು) ಎಂಬುದಕ್ಕೆ ಏನು ಬರೆಯಲಿ ಎಂದು ಕೇಳಿದವರಿಗೆ ಇದುವರೆಗೆ ‘ಮಂದಪ್ರಕಾಶಕ’, ‘ತಗ್ಗಿಸಬಲ್ಲ’ ಎಂಬ ಎರಡು ಪದಗಳು ಸಿಕ್ಕಿವೆ. ಜೊತೆಗೆ, ಏನನ್ನೂ ಮುಟ್ಟದೆ ‘ಡಿಮ್ಮಬಲ್’ ಎಂದೇ ಬಿಡಿ ಎಂಬ ಉಪದೇಶವೂ ಸಿಕ್ಕಿದೆ. ಇಂತಹ ಉಪಕರಣಗಳ ಬಳಕೆಯ ಪುಸ್ತಿಕೆಗಳನ್ನು ಉಡುಪಿಯಲ್ಲಿ ಕುಳಿತು ಕನ್ನಡಕ್ಕೆ ತರುವುದು ನನ್ನ ಉದ್ಯೋಗವಾದುದರಿಂದ ತುಸು ವಿವರವಾಗಿಯೇ ಬರೆಯುತ್ತೇನೆ.

‘ಮಂದಪ್ರಕಾಶಕ’ವನ್ನು ಕೈಬಿಡಿ. ಅದರ ಅರ್ಥ ಮಂದವಾಗಿ ಬೆಳಗುವುದು ಎಂದು. ಅದನ್ನು ಓದಿದ ಗಿರಾಕಿ ಮಲಗುವ ಕೋಣೆಯ ಜೀರೋ ಬಲ್ಬೆಂದು ತಿಳಿದು ಮುಂದೆ ಹೋಗುತ್ತಾನೆ. ಅವನಿಗೆ ಬೇಕಾಗಿರುವುದು ಬೇಕೆಂದಾಗ ಪೂರ್ತಿ ಬೆಳಗುವ, ಬೇಡವೆಂದಾಗ ಇಳಿಯುವ ಬಲ್ಬು. ವಸ್ತುವಿನ ಕೆಲಸವನ್ನು ನೋಡಿದರೂ ‘ಮಂದ’ ಸಲ್ಲುವುದಿಲ್ಲ. ಫೋನಿನಿಂದ ನಡೆಸುವ ಹೆಚ್ಚಿನ ಸ್ಮಾರ್ಟ್ ಬಲ್ಬುಗಳ ಒಳಗಿನ ಸರ್ಕೀಟು ಎಲ್‌ಇಡಿಗೆ ಹೋಗುವ ಕರೆಂಟನ್ನು ಸೆಕೆಂಡಿಗೆ ನೂರಾರು ಅಥವಾ ಸಾವಿರಾರು ಬಾರಿ ಹರಿಸಿ ತಡೆಯುತ್ತಿರುತ್ತದೆ. ಹರಿಯುವ ಹೊತ್ತು ಕಿರಿದಾದಷ್ಟೂ ನಮ್ಮ ಕಣ್ಣಿಗೆ ಬೆಳಕು ಇಳಿದಂತೆ ತೋರುತ್ತದೆಯೇ ಹೊರತು, ಹೊತ್ತಿರುವ ಕ್ಷಣದಲ್ಲಿ ಎಲ್‌ಇಡಿ ತನ್ನ ಪೂರ್ಣ ಪ್ರಮಾಣದಲ್ಲೇ ಬೆಳಗುತ್ತಿರುತ್ತದೆ.

‘ತಗ್ಗಿಸಬಲ್ಲ’ ಎಂದವರು ಧಾತುವನ್ನು ಸರಿಯಾಗಿ ಆರಿಸಿದ್ದಾರೆ, ರೂಪದಲ್ಲಿ ಎಡವಿದ್ದಾರೆ. ‘ತಿನ್ನಬಲ್ಲ ಮಗು’ ಸರಿ, ‘ತಿನ್ನಬಲ್ಲ ಹಣ್ಣು’ ಎಂದು ಯಾರೂ ಹೇಳುವುದಿಲ್ಲ. ‘ತಗ್ಗಿಸಬಲ್ಲ ಬಲ್ಬು’ ಎಂದರೆ ಬೇರೇನನ್ನೋ ತಗ್ಗಿಸುವ ಬಲ್ಬು ಎಂದಾಗುತ್ತದೆ. ‘ತಗ್ಗಿಸಬಹುದಾದ’ ಎಂದು ತಿದ್ದಿದರೆ ವ್ಯಾಕರಣಕ್ಕೆ ಒಪ್ಪುತ್ತದೆ, ಪೆಟ್ಟಿಗೆಯ ಮೇಲೆ ಉದ್ದವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಯಾವ ಬಲ್ಬನ್ನಾದರೂ ನಾವು ತಗ್ಗಿಸಬಹುದು ಎಂಬ ತಪ್ಪು ಭಾವನೆಗೆ ಎಡೆಕೊಡುತ್ತದೆ. ಗೋಡೆಯ ಡಿಮ್ಮರ್, ಎಂದರೆ ಬೆಳಕನ್ನು ಏರಿಳಿಸುವ ಗುಂಡಿ, ನಮ್ಮ 230 ವೋಲ್ಟಿನ ವಿದ್ಯುತ್ತಿನ ಪ್ರತಿಯೊಂದು ಅರ್ಧ ಅಲೆಯಿಂದ ಒಂದು ತುಂಡನ್ನು ಕತ್ತರಿಸುತ್ತದೆ. ಸೆಕೆಂಡಿಗೆ 50 ಪೂರ್ಣ ಅಲೆಗಳಿರುವುದರಿಂದ ಈ ಕತ್ತರಿ ಸೆಕೆಂಡಿಗೆ 100 ಬಾರಿ ಬೀಳುತ್ತದೆ. ಹಳೆಯ ಬಲ್ಬಿನೊಳಗಿನ ತಂತಿಯ ಕಾವು ಅಷ್ಟು ಬೇಗ ಆರದ ಕಾರಣ ಅದಕ್ಕೆ ತೊಂದರೆಯಾಗುತ್ತಿರಲಿಲ್ಲ. ಎಲ್‌ಇಡಿ ಬಲ್ಬಿನಲ್ಲಾದರೆ ಬುಡದಲ್ಲಿದ್ದು ಕರೆಂಟನ್ನು ಒದಗಿಸುವ ಸರ್ಕೀಟಾದ ಡ್ರೈವರ್ ಈ ಕತ್ತರಿಸಿದ ಅಲೆಯನ್ನು ಗ್ರಹಿಸಿ, ಅದಕ್ಕೆ ತಕ್ಕಂತೆ ತಾನೇ ಕರೆಂಟನ್ನು ಇಳಿಸಬೇಕು. ಆ ಸಾಮರ್ಥ್ಯವಿಲ್ಲದ ಬಲ್ಬನ್ನು ಡಿಮ್ಮರಿಗೆ ಜೋಡಿಸಿದರೆ ಅದು ಮಿನುಗುತ್ತದೆ, ಗುಂಯ್‌ಗುಡುತ್ತದೆ, ಕೆಲವೊಮ್ಮೆ ಬೇಗನೆ ಸುಟ್ಟೂ ಹೋಗುತ್ತದೆ. ಆದ್ದರಿಂದ ತಗ್ಗಿಸುವುದು ಡಿಮ್ಮರ್, ತಗ್ಗುವುದು ಬಲ್ಬು. ಸಾಮರ್ಥ್ಯ ಬಲ್ಬಿನದೇ ಆಗಿರುವಾಗ ‘ತಗ್ಗಬಲ್ಲ ಬಲ್ಬು’ ಎಂಬುದೇ ಸರಿಯಾದ ಮಾತು. ಸಕರ್ಮಕ, ಅಕರ್ಮಕಗಳ ಭೇದವನ್ನು ಕನ್ನಡವು ಒಂದೇ ‘ಇಸು’ವಿನಿಂದ ಇಷ್ಟು ಸ್ಪಷ್ಟವಾಗಿ ಕಾಣಿಸುವಾಗ ನಾವು ಅದನ್ನು ಬಳಸದೆ ಬಿಡುವುದು ನನಗೆ ಸಹಿಸಲಾಗದ ಸಂಗತಿ.

‘ಬಲ್ಲ’ ಎಂದರೆ ಅರಿತಿರುವ ಎಂದಷ್ಟೇ ಅರ್ಥ, ಜಡವಸ್ತು ಏನನ್ನು ಅರಿತೀತು ಎಂಬ ಆಕ್ಷೇಪವೂ ಬಂದಿದೆ. ಈ ಆಕ್ಷೇಪ ನಿಲ್ಲುವುದಿಲ್ಲ. ತಮಿಳಿನ ‘ವಲ್’, ನಮ್ಮ ‘ಬಲ್ಲಿದ’ ಎಂಬ ರೂಪಗಳನ್ನು ನೋಡಿದರೆ ಈ ಧಾತುವಿನಲ್ಲಿ ಶಕ್ತಿಯ ಅರ್ಥವಿರುವುದು ಗೊತ್ತಾಗುತ್ತದೆ. ‘ಬಾಗಬಲ್ಲ ಸರಳು’, ‘ಹಾರಬಲ್ಲ ಯಂತ್ರ’ ಎಂದು ನಾವು ದಿನವೂ ಬರೆಯುತ್ತಿದ್ದೇವೆ.

‘ತಗ್ಗು’ ಏಕೆ, ‘ಮಬ್ಬು’, ‘ಮಂಕು’ ಏಕಲ್ಲ ಎಂದು ಕೇಳುವವರಿಗೆ ಇಷ್ಟು ಹೇಳಬಹುದು. ಮಬ್ಬು ಮೋಡದ್ದು, ಮಂಕು ಬುದ್ಧಿಗೂ ಕವಿಯುವಂಥದ್ದು; ಎರಡರಲ್ಲೂ ಕುಂದಿನ ಛಾಯೆಯಿದೆ. ತಗ್ಗುವುದರಲ್ಲಿ ಕುಂದಿಲ್ಲ. ಜ್ವರ ತಗ್ಗುತ್ತದೆ, ಆಟಿ ತಿಂಗಳ ಮಳೆಯ ಅಬ್ಬರ ತಗ್ಗುತ್ತದೆ, ನೆರೆಯೂ ತಗ್ಗುತ್ತದೆ. ತೆಲುಗಿನಲ್ಲಿಯೂ ಇದೇ ಧಾತು ಇದೇ ಅರ್ಥದಲ್ಲಿ ಇಂದಿಗೂ ಬಳಕೆಯಲ್ಲಿದೆ.

ಇನ್ನು, ಬಲ್ಬು ಬೇಡ, ‘ಸೊಡರು’ ಎನ್ನಿ ಎಂಬ ಸಲಹೆ. ಸೊಡರು, ತುಳುವಿನ ತುಡರು, ತಮಿಳಿನ ಸುಡರ್ ಒಂದೇ ಮನೆತನದ ಪದಗಳು, ನನಗೆ ಅತ್ಯಂತ ಪ್ರಿಯವಾದವು. ಆದರೆ ಅದು ಉರಿಯುವ ಜ್ವಾಲೆಗೆ ಹುಟ್ಟಿದ ಹೆಸರು. ಎಲ್‌ಇಡಿಯಲ್ಲಿ ಜ್ವಾಲೆಯೂ ಇಲ್ಲ, ಕೆಂಪಗೆ ಕಾಯುವ ತಂತಿಯೂ ಇಲ್ಲ. ಎರವಲು ಎಂಬ ಕಾರಣಕ್ಕೇ ಒಂದು ಪದವನ್ನು ಹೊರದಬ್ಬಬೇಕೆನ್ನುವವರು ಸಂಸ್ಕೃತದ ‘ದೀಪ’ವನ್ನೂ, ‘ವರ್ತಿ’ಯಿಂದ ಬಂದ ‘ಬತ್ತಿ’ಯನ್ನೂ, ಕಡಲು ದಾಟಿ ಬಂದ ‘ಲಾಂದ್ರ’ವನ್ನೂ ಹೊರಹಾಕಬೇಕಾದೀತು, ಆಗ ನಮ್ಮ ಅಜ್ಜಿಯಂದಿರು ಕತ್ತಲಲ್ಲೇ ಇದ್ದರೆಂದು ಹೇಳಬೇಕಾಗುತ್ತದೆ. ಹಾಗೆಂದು ‘ಡಿಮ್’ ಒಂದನ್ನೇ ನೆಚ್ಚಲೂ ಆಗದು. ವೋಲ್ಟೇಜ್ ಇಳಿದಾಗ ‘ಲೈಟು ಡಿಮ್ ಆಯಿತು’ ಎನ್ನುವುದು ಕರಾವಳಿಯ ಮನೆಮನೆಯ ಮಾತು. ‘ಡಿಮ್ ಆಗುವ ಬಲ್ಬು’ ಎಂದರೆ ಇಲ್ಲಿ ಕೆಟ್ಟ ಬಲ್ಬು. ಪೆಟ್ಟಿಗೆಗಳ ಮೇಲೆ ‘ಡಿಮ್ಮಬಲ್’ ಎಂದೇ ಇರುವುದರಿಂದ, ಕೊಳ್ಳುವವರು ಹುಡುಕಿ ತೆಗೆಯುವುದಕ್ಕೆಂದು ಅದನ್ನು ಮೊದಲ ಸಲ ಪಕ್ಕದಲ್ಲಿ ಕೊಟ್ಟು, ಮುಂದೆ ‘ತಗ್ಗಬಲ್ಲ’ ಎಂದೇ ನಡೆಸಿ. ಡಿಮ್ಮರ್, ಡ್ರೈವರ್, ನ್ಯೂಟ್ರಲ್, ಲೋಡ್ ಇವೆಲ್ಲ ನಮ್ಮ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಕನ್ನಡವೇ ಆಗಿವೆ. ಡ್ರೈವರನ್ನು ‘ಚಾಲಕ’ ಮಾಡಬೇಡಿ.

ಕೈಪಿಡಿಯಲ್ಲಿ ಬಲ್ಬುಗಳನ್ನು ಹೀಗೆ ಬೇರ್ಪಡಿಸಿ. ಸಾಮಾನ್ಯ ಬಲ್ಬಿಗೆ ‘ತಗ್ಗದ ಬಲ್ಬು’, ಗೋಡೆಯ ಡಿಮ್ಮರಿನೊಂದಿಗೆ ನಡೆಯುವುದಕ್ಕೆ ‘ಡಿಮ್ಮರಿಗೆ ತಗ್ಗಬಲ್ಲ ಬಲ್ಬು’, ಫೋನಿನಿಂದ ಅಥವಾ ಧ್ವನಿಯ ಆಜ್ಞೆಯಿಂದ ನಡೆಯುವುದಕ್ಕೆ ‘ಆಜ್ಞೆಗೆ ತಗ್ಗಬಲ್ಲ ಬಲ್ಬು’. ಈ ಕೊನೆಯದನ್ನು ಗೋಡೆಯ ಡಿಮ್ಮರಿಗೆ ಜೋಡಿಸಬಾರದು ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿ, ಏಕೆಂದರೆ ಅದರೊಳಗಿನ ರೇಡಿಯೊ ಮತ್ತು ಸರ್ಕೀಟಿಗೆ ಕತ್ತರಿಸದ ಪೂರ್ಣ ವಿದ್ಯುತ್ತು ಬೇಕು. ಹಳೆಯ ಡಿಮ್ಮರನ್ನು ಉಳಿಸಿಕೊಳ್ಳುವವರಿಗಾಗಿ ‘ಕನಿಷ್ಠ ಲೋಡ್’ (ಡಿಮ್ಮರ್ ಸರಿಯಾಗಿ ನಡೆಯಲು ಜೋಡಿಸಬೇಕಾದ ಕನಿಷ್ಠ ವ್ಯಾಟು) ಎಂಬ ಸಾಲೂ ಇರಲಿ: 60 ವ್ಯಾಟಿನ ಬಲ್ಬುಗಳಿಗಾಗಿ ಮಾಡಿದ ಡಿಮ್ಮರಿಗೆ 9 ವ್ಯಾಟಿನ ಒಂದೇ ಎಲ್‌ಇಡಿ ಹಾಕಿದರೆ ಆ ಮಿತಿಗಿಂತ ಕೆಳಗಿಳಿದು ಮಿನುಗುವ ಸಂಭವವಿದೆ.

ಏರಿಳಿತದ ಗುಂಡಿಗಳಿಗೆ ‘ಜೋರು’, ‘ಸಣ್ಣ’ ಎಂದು ಬರೆಯಿರಿ. ಲಾಂದ್ರವನ್ನು ಸಣ್ಣ ಮಾಡಿದ ನಾಲಿಗೆಗಳೇ ಇಂದು ಗ್ಯಾಸನ್ನು ಸಣ್ಣ ಮಾಡುತ್ತಿವೆ. ‘ಜೋರು’ ಫಾರಸಿಯೆಂಬ ತಕರಾರಿಗೆ ಉತ್ತರ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ‘ದೊಡ್ಡದು’ ಮಾತ್ರ ಬೇಡವೇ ಬೇಡ: ‘ದೀಪ ದೊಡ್ಡದು ಮಾಡು’ ಎಂದರೆ ಆರಿಸು ಎಂದು ಅರ್ಥ ಮಾಡುವ ಹಿರಿಯರು ನಮ್ಮಲ್ಲಿದ್ದಾರೆ.

ಕೈಪಿಡಿಯ ಕರಡಿನ ಕೊನೆಯ ಪುಟದಲ್ಲಿರುವ ‘ಅರ್ಧ ಬೆಳಕು’ ಎಂಬುದನ್ನೂ ತೆಗೆಯಿರಿ. ಬಲ್ಬು ಹೊರಸೂಸುವ ಬೆಳಕು ಅಳತೆಯಲ್ಲಿ ಶೇಕಡಾ 25ಕ್ಕೆ ಇಳಿದಾಗ ಕಣ್ಣಿಗೆ ಸುಮಾರು ಅರ್ಧದಷ್ಟು ಕಾಣುತ್ತದೆ, ಆದುದರಿಂದ ಆ ಮಾತು ಯಾವ ಅರ್ಧವನ್ನು ಹೇಳುತ್ತದೆಂಬುದು ಓದುವವರಿಗೆ ತಿಳಿಯುವುದಿಲ್ಲ. ಅಲ್ಲಿ ‘ಶೇ. 50ರ ಗುರುತಿಗೆ ತನ್ನಿ’ ಎಂದಿದ್ದರೆ ಫೋನಿನ ಪರದೆಯ ಮೇಲೆ ಏನಿದೆಯೋ ಅದಕ್ಕೇ ಹೊಂದುತ್ತದೆ.