ಶೆಡ್ಯೂಲ್ ಪದೇ ಪದೇ ಬದಲಾಗ್ತಿದೆ: ಗ್ರಾಹಕ ಕಂಪನಿಗೆ ನಮ್ಮ ಸ್ಟಾಕ್, ಕೆಪಾಸಿಟಿ ಲೆಕ್ಕ ಎಷ್ಟು ಕೊಡಬೇಕು?

ಪೀಣ್ಯ_ಟರ್ನಿಂಗ್
ಪೀಣ್ಯದಲ್ಲಿ ಸಿಎನ್‌ಸಿ ಟರ್ನಿಂಗ್ ಶಾಪ್. ಹೊಸೂರಿನ ಒಂದು ಆಟೋ ಬಿಡಿಭಾಗ ಕಂಪನಿಗೆ ಇಎನ್8 (ಒಂದು ಬಗೆಯ ಉಕ್ಕು) ಬುಷ್, ಅಂದ್ರೆ ಕೊಳವೆಯಂಥ ಚಿಕ್ಕ ಬಿಡಿಭಾಗ, ಸಪ್ಲೈ. 25ಕ್ಕೆ ಮುಂದಿನ ತಿಂಗಳ ಶೆಡ್ಯೂಲ್ ಬರುತ್ತೆ, 10ನೇ ತಾರೀಖಿನೊಳಗೆ ಎರಡು ಸಲ ತಿದ್ದುಪಡಿ. ಈಗ ದಿನದ ಸ್ಟಾಕ್, ಮೆಷಿನ್ ಕೆಪಾಸಿಟಿ, ಸೈಕಲ್ ಟೈಮ್ (ಒಂದು ಬುಷ್‌ಗೆ ಹಿಡಿಯೋ ಸಮಯ), ಉಕ್ಕಿನ ಬಾರ್ ಯಾರಿಂದ ತರಿಸ್ತೀರಿ, ಎಲ್ಲವನ್ನೂ ಶೀಟ್‌ನಲ್ಲಿ ತುಂಬಿ ಕಳಿಸಿ ಅಂತಿದ್ದಾರೆ. ಯಾವುದು ಕೊಡಬಹುದು, ಯಾವುದು ಬೇಡ? ಬದಲಿಗೆ ಅವರಿಂದ ಏನು ಕೇಳಬೇಕು?

ಪ್ಲಾನಿಂಗ್_ಡೆಸ್ಕ್
ಮೊದಲು ಕೇಳಬೇಕಾದ್ದು ಕೇಳಿ, ಸರ್. ಅವರ ಲೈನ್‌ನಲ್ಲಿ ವಾರಕ್ಕೆ ನಿಜವಾಗಿ ಎಷ್ಟು ಬುಷ್ ಖರ್ಚಾಗುತ್ತೆ, ಅವರ ಸ್ಟೋರ್‌ನಲ್ಲಿ ಎಷ್ಟಿದೆ, ಈ ಎರಡು ಅಂಕಿ ಪ್ರತಿ ಸೋಮವಾರ ಬರಲಿ. ಬರೀ ಶೆಡ್ಯೂಲ್ ನಂಬಿದರೆ ಏನಾಗುತ್ತೆ ನೋಡಿ.

ಲೈನ್ ಖರ್ಚು ವಾರಕ್ಕೆ 1000. ಅವರೂ ನೀವೂ ತಲಾ ಎರಡು ವಾರದ ಸ್ಟಾಕ್ ಇಡ್ತೀರಿ ಅಂದ್ಕೊಳ್ಳಿ. ಖರ್ಚು 1100 ಆಯ್ತು. ಅವರ ಸ್ಟಾಕ್ ಗುರಿ 2000ದಿಂದ 2200ಕ್ಕೆ ಏರಿತು, ನಿಮಗೆ ಬಂದ ಆರ್ಡರ್ 1100 + 200 = 1300. ನೀವು ವಾರಕ್ಕೆ 1300 ಅಂತ ನಂಬಿ ಗುರಿಯನ್ನು 2600 ಮಾಡಿದಿರಿ, ಆಗ ನೀವು ಮಾಡಬೇಕಾದ್ದು 1300 + 600 = 1900. ಲೈನ್‌ನಲ್ಲಿ ಶೇ 10 ಏರಿಕೆ, ನಿಮ್ಮ ಮೆಷಿನ್ ಮೇಲೆ ಶೇ 90. ಮುಂದಿನ ವಾರ ಅವರ ಆರ್ಡರ್ 1100ಕ್ಕೆ ಇಳಿಯುತ್ತೆ, ನಿಮ್ಮ ಗುರಿ 2200ಕ್ಕೆ ಬರುತ್ತೆ, ಆ ವಾರದ ಕೆಲಸ ಬರೀ 1100 − 400 = 700. ಇಲ್ಲಿ ಯಾರೂ ಮೋಸ ಮಾಡಿಲ್ಲ, ಖರ್ಚಿನ ಅಂಕಿ ನಿಮಗೆ ಕಾಣಲಿಲ್ಲ ಅಷ್ಟೆ. 1100 ಅನ್ನೋದು ಗೊತ್ತಿದ್ದಿದ್ದರೆ ಗುರಿ 2200ಕ್ಕೇ ನಿಲ್ಲುತ್ತಿತ್ತು, ಮೊದಲ ವಾರ 1500ರಲ್ಲಿ ಮುಗಿಯುತ್ತಿತ್ತು.

ಎರಡನೆಯದು ಹೊಣೆ. ಮೊದಲ 2 ವಾರದ ಅಂಕಿ ಬದಲಾಗಬಾರದು, ಬದಲಾದರೆ ತಯಾರಾದ ಮಾಲು ಅವರು ಎತ್ತಲೇಬೇಕು. 3ರಿಂದ 6ನೇ ವಾರಕ್ಕೆ ತಂದ ಬಾರ್‌ನ ಹೊಣೆ ಅವರದು. ಅದರಾಚೆಗಿನದು ಅಂದಾಜು ಮಾತ್ರ. ಇದು ಪಿಓ (ಖರೀದಿ ಆರ್ಡರ್) ಷರತ್ತಿನಲ್ಲಿ ಬರಹದಲ್ಲಿರಲಿ, ವಾಟ್ಸಾಪ್ ಮೆಸೇಜ್ ಸಾಲದು. ಹೊಣೆ ಇಲ್ಲದ ಫೋರ್‌ಕಾಸ್ಟನ್ನು ಅವರು ಸುಮ್ಮನೆ ಹಿಗ್ಗಿಸಿ ಕಳಿಸ್ತಾರೆ.

ಸ್ಟೋರ್ಸ್_ಲೆಡ್ಜರ್
ಕೊಡೋ ಕಡೆಗೆ ಬರ್ತೀನಿ. ಸ್ಟಾಕ್ ಧೈರ್ಯವಾಗಿ ಕೊಡಿ, ಆದರೆ ಒಂದೇ ಅಂಕಿಯಾಗಿ ಬೇಡ. ಇನ್‌ಸ್ಪೆಕ್ಷನ್ ಮುಗಿದ ಓಕೆ ಮಾಲು, ಮೆಷಿನ್ ಮೇಲಿರೋದು, ಹೊರಗೆ ಪ್ಲೇಟಿಂಗ್‌ಗೆ ಹೋಗಿರೋದು, ದಾರಿಯಲ್ಲಿರೋದು, ನಾಲ್ಕೂ ಬೇರೆ ಕಾಲಂ. ಪಾರ್ಟ್ ನಂಬರ್ ಪಕ್ಕ ಡ್ರಾಯಿಂಗ್ ರಿವಿಷನ್ ಹಾಕಿ. ರಿವಿಷನ್ ಬಿಟ್ಟರೆ ಹಳೇ ಡ್ರಾಯಿಂಗಿನ ಮಾಲೂ ಲೆಕ್ಕಕ್ಕೆ ಸೇರಿ, ಲೈನ್‌ಗೆ ಬೇಕಾದಾಗ ಕೈಗೆ ಸಿಗೋಲ್ಲ. ಎಣಿಸಿದ ಸಮಯವೂ ಇರಲಿ: ಬೆಳಿಗ್ಗೆ 8ರ ಲೆಕ್ಕವೋ ಡೆಸ್ಪ್ಯಾಚ್ ಆದ ಮೇಲಿನದೋ ಗೊತ್ತಾಗದಿದ್ದರೆ ಒಂದು ಗಾಡಿ ಮಾಲು ಎರಡು ಸಲ ಎಣಿಕೆಯಾಗುತ್ತೆ.

ಜಗಳ ಶುರುವಾಗೋದು ಹೆಚ್ಚಾಗಿ ಜಿಆರ್‌ಎನ್ (ಮಾಲು ತಲುಪಿದ್ದಕ್ಕೆ ಅವರು ಮಾಡೋ ರಸೀದಿ) ಹತ್ತಿರ. ಅದಕ್ಕೆ ಏಪ್ರಿಲ್ 1ರಿಂದ ಬುಷ್‌ಗಳ ಒಟ್ಟು ಎಣಿಕೆ ಇಟ್ಟುಕೊಳ್ಳಿ. ಉದಾಹರಣೆಗೆ ಶೆಡ್ಯೂಲ್ 48,000, ನೀವು ಕಳಿಸಿದ್ದು 46,500, ಅವರ ಜಿಆರ್‌ಎನ್ 45,900. ನಡುವಿನ 600 ಗೇಟ್‌ನಲ್ಲಿದೆಯೋ, ರಿಜೆಕ್ಷನ್ ರ‍್ಯಾಕ್‌ನಲ್ಲಿದೆಯೋ ಇನ್‌ವಾಯ್ಸ್ ನಂಬರ್ ಹಿಡಿದು ಅದೇ ವಾರ ಹುಡುಕಿ. ಬಿಟ್ಟರೆ ಆ 600 ಮುಂದಿನ ಶೆಡ್ಯೂಲ್‌ನಲ್ಲಿ ಬಾಕಿ ಅಂತ ಮತ್ತೆ ಬರುತ್ತೆ. ಗಾಡಿ ಬಿಡುವಾಗಲೇ ಇನ್‌ವಾಯ್ಸ್ ನಂಬರ್, ಪೆಟ್ಟಿಗೆ ಎಷ್ಟು, ಹೀಟ್ ನಂಬರ್ (ಉಕ್ಕು ಕರಗಿಸಿದ ಬ್ಯಾಚಿನದು), ಇ-ವೇ ಬಿಲ್ (ಸಾಗಣೆಯ ಜಿಎಸ್‌ಟಿ ದಾಖಲೆ) ನಂಬರ್ ಅವರಿಗೆ ತಲುಪಿರಲಿ.

ಸೈಕಲ್ ಟೈಮ್ ಕೊಡಬೇಡಿ. ಅದರಿಂದ ಅವರು ತೆಗೆಯೋದು ಕೆಪಾಸಿಟಿ ಅಲ್ಲ, ನಿಮ್ಮ ರೇಟು. ನೀವೇ ಲೆಕ್ಕ ಹಾಕಿ ಕೊಡಿ: 90 ಸೆಕೆಂಡ್‌ಗೆ ಒಂದು ಅಂದ್ರೆ ಗಂಟೆಗೆ 40, ಶಿಫ್ಟ್‌ಗೆ ನಿಜವಾದ 7 ಗಂಟೆ, ಎರಡು ಶಿಫ್ಟ್‌ಗೆ 560, 25 ದಿನಕ್ಕೆ 14,000. ಟೂಲ್ ಬದಲಿ, ಸೆಟ್ಟಿಂಗ್ ಕಳೆದು ಶೇ 85 ಹಿಡಿದರೆ 11,900. ಈ ಕೊನೆಯ ಅಂಕಿ ಸಾಕು. ಬಾರ್ ಡೀಲರ್ ಹೆಸರೂ ಬೇಕಿಲ್ಲ, ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೊಟ್ಟರೆ ಆಯ್ತು. ಅದರಲ್ಲಿ ಇರೋದು ಉಕ್ಕು ತಯಾರಿಸಿದ ಮಿಲ್‌ನ ಹೆಸರು.

ಪೀಣ್ಯ_ಟರ್ನಿಂಗ್
ಧನ್ಯವಾದ, ಇಬ್ಬರಿಗೂ. ಮುಂದಿನ ತಿಂಗಳಿಂದ ಬಾರ್ ಅವರೇ ಕಳಿಸ್ತಾರಂತೆ, ಕೆಲಸದ ಕೂಲಿ ಮಾತ್ರ ನಮ್ಮದು, ಅಂದ್ರೆ ಜಾಬ್ ವರ್ಕ್. 32 ಮಿ.ಮೀ. ರೌಂಡ್, 3 ಮೀಟರ್ ಉದ್ದ. ಒಂದು ಬುಷ್‌ಗೆ ಪಾರ್ಟಿಂಗ್, ಫೇಸಿಂಗ್ (ಕತ್ತರಿಸೋದು, ತುದಿ ಸಮ ಮಾಡೋದು) ಸೇರಿ 50 ಮಿ.ಮೀ. ಆಗ ಲೆಕ್ಕ ಬದಲಾಗುತ್ತಾ?

ಸ್ಟೋರ್ಸ್_ಲೆಡ್ಜರ್
ಬದಲಾಗುತ್ತೆ, ಬಿಗಿಯಾಗುತ್ತೆ. ಅವರು ಕೆಜಿಯಲ್ಲಿ ಕಳಿಸ್ತಾರೆ, ನೀವು ನಗದ (ಪೀಸ್) ಲೆಕ್ಕದಲ್ಲಿ ವಾಪಸ್ ಕೊಡ್ತೀರಿ. ಉಕ್ಕಿನ ರೌಂಡ್‌ಗೆ ಸೂತ್ರ ವ್ಯಾಸ × ವ್ಯಾಸ ÷ 162, ಹಾಗಾಗಿ ಮೀಟರಿಗೆ 32 × 32 ÷ 162 = 6.32 ಕೆಜಿ, ಬಾರ್ ಒಂದಕ್ಕೆ 18.96. ಅವರ ಸಿಸ್ಟಂ ಬಾರ್‌ಗೆ 60 ನಗ ಅಂತ ಹಿಡಿದು ನಗಕ್ಕೆ 316 ಗ್ರಾಂ ಕಳೆಯುತ್ತೆ. ಚಕ್ (ಮೆಷಿನ್‌ನಲ್ಲಿ ಬಾರ್ ಹಿಡಿಯೋ ಭಾಗ) ಹಿಡಿತಕ್ಕೆ 150 ಮಿ.ಮೀ. ತುಂಡು ಉಳಿದರೆ ನಿಮಗೆ ಸಿಗೋದು 57, ಅಂದರೆ ನಗಕ್ಕೆ ಸುಮಾರು 333 ಗ್ರಾಂ. 10,000 ಬುಷ್‌ಗೆ 166 ಕೆಜಿ ನಿಮ್ಮ ತಲೆ ಮೇಲೆ ಕೊರತೆಯಾಗಿ ಕೂತಿರುತ್ತೆ. ಮೊದಲ ಡೆಲಿವರಿ ಚಲನ್‌ಗೆ ಮುಂಚೆಯೇ 57ರ ಅನುಪಾತಕ್ಕೆ ಒಪ್ಪಿಗೆ ತಗೊಳ್ಳಿ, ತುಂಡು ಮತ್ತು ಚಿಪ್ಸ್ ಯಾರಿಗೆ ಅನ್ನೋದನ್ನೂ ಬರೆಸಿ.

ಹೊಸೂರು ತಮಿಳುನಾಡಿನದು, ರಾಜ್ಯ ದಾಟುತ್ತೆ. ಹಾಗಾಗಿ ಜಾಬ್ ವರ್ಕ್ ಮಾಲು 50,000 ರೂಪಾಯಿಗಿಂತ ಕಡಿಮೆ ಇದ್ದರೂ ಇ-ವೇ ಬಿಲ್ ಬೇಕು. ಜಿಎಸ್‌ಟಿಯ ಸೆಕ್ಷನ್ 143ರ ಪ್ರಕಾರ ಕಳಿಸಿದ ಕಚ್ಚಾ ಮಾಲು 1 ವರ್ಷದೊಳಗೆ ವಾಪಸ್ ಹೋಗಬೇಕು, ಇಲ್ಲದಿದ್ದರೆ ಕಳಿಸಿದ ದಿನವೇ ನಿಮಗೆ ಮಾರಿದ್ದಾರೆ ಅಂತ ಲೆಕ್ಕ, ತೆರಿಗೆ ಅವರ ಮೇಲೆ. ಐಟಿಸಿ-04 (ಜಾಬ್ ವರ್ಕ್ ಮಾಲಿನ ಜಿಎಸ್‌ಟಿ ಫಾರಂ) ತುಂಬೋದೂ ಅವರೇ, ಅದಕ್ಕೆ ಚಲನ್‌ವಾರು ಅಂಕಿ ನಿಮ್ಮಿಂದಲೇ ಹೋಗಬೇಕು. ಪ್ರತಿ ವಾಪಸಾತಿ ಚಲನ್‌ನಲ್ಲೂ ಅವರ ಮೂಲ ಚಲನ್ ನಂಬರ್ ಬರೆಯಿರಿ, ಹಳೇ ಚಲನ್‌ನ ಬಾರ್ ಮೊದಲು ಕತ್ತರಿಸಿ.